ಎರಡೂವರೆ ಕಿಲೋ

ಪೇಪರಿನ ಮೂರನೇ ಪುಟದಲ್ಲಿ ಅಚ್ಚಾಗಿದ್ದ ತನ್ನ ಹೆಸರನ್ನು ಮಂಜಿರಿ ಸರಿಯಾಗಿ ನೋಡಲೂ ಇಲ್ಲ. ಕಣ್ಣು ಅದರ ಕೆಳಗಿನ ಸಾಲಿಗೆ ಹೋಗಿ ಅಲ್ಲೇ ನಿಂತಿತು. ‘ಹಳದಿ ಬಿದ್ದ ಸೋಯಾ ಬೆಳೆಗೆ ಎಕರೆಗೆ ಎರಡೂವರೆ ಕಿಲೋ ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ನೀರಿನಲ್ಲಿ ಕರಗಿಸಿ ಸಿಂಪಡಿಸಬೇಕು.’ ಅವಳು ಬರೆದುಕೊಟ್ಟ ಟಿಪ್ಪಣಿಯಲ್ಲಿದ್ದದ್ದು ಹೆಕ್ಟೇರಿಗೆ ಎರಡೂವರೆ ಕಿಲೋ. ಎಕರೆಗಾದರೆ ಒಂದೇ ಕಿಲೋ ಸಾಕು. ಹೆಚ್ಚಾದರೆ ಹಳದಿ ಎಲೆ ಹಸಿರಾಗುವುದಿಲ್ಲ, ಸುಡುತ್ತದೆ.

ಬೀದರಿನ ಕೃಷಿ ಸಂಶೋಧನಾ ಕೇಂದ್ರ ಸೇರಿ ಎರಡು ವರ್ಷವಾಗಿತ್ತು. ಇಷ್ಟು ದಿನದಲ್ಲಿ ಅವಳು ತಾನಾಗಿ ಯಾರಿಗೂ ಫೋನ್ ಮಾಡಿದವಳಲ್ಲ. ಹೇಳಬೇಕಾದದ್ದನ್ನೆಲ್ಲ ಬರೆದು ಕಳಿಸುತ್ತಿದ್ದಳು. ಈಗ ನಿಂತಲ್ಲೇ ಔರಾದಿನ ವರದಿಗಾರ ಕುತುಬೋದ್ದೀನನಿಗೆ ಫೋನ್ ಮಾಡಿದಳು. ಎಕರೆ ಎಂದು ತಿದ್ದಿದ್ದು ತಾನೇ ಎಂದು ಅವನು ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡ. ಹೆಕ್ಟೇರೆಂದರೆ ಊರಲ್ಲಿ ಯಾರಿಗೂ ತಿಳಿಯದು. ಆಫೀಸಿನವರು ರೂಢಿಗೆ ಹೆಕ್ಟೇರ್ ಅಂತ ಬರೆದಿರಬೇಕು, ಲೆಕ್ಕ ಎಕರೆಯದೇ ಇದ್ದೀತು ಅಂದುಕೊಂಡಿದ್ದನಂತೆ.

“ಕೇಳಬೇಕಂತ ನಿನ್ನಿ ಸಂಜಿಗಿ ಮೂರ್ ಸಲ ಫೋನ್ ಹಚ್ಚಿದ್ನಲ್ರಿ ಮೇಡಂ. ನೀವು ಎತ್ತಲಿಲ್ಲ. ‘ನೋಟಿನಲ್ಲಿ ಎಲ್ಲ ಇದೆ ಸರ್’ ಅಂತ ಮೆಸೇಜ್ ಹಾಕಿದ್ರಿ. ಇನ್ನ ನಾ ಯಾರಿಗಿ ಕೇಳ್ಬೇಕಿತ್ರಿ?”

ನಿನ್ನೆ ಆ ಮೂರು ಸಲವೂ ಫೋನು ಅವಳ ಅಂಗೈಯಲ್ಲೇ ಇತ್ತು. ತಿದ್ದುಪಡಿ ಹಾಕಿ ಎಂದು ಬೇಡಿಕೊಂಡಳು. ಹಾಕುತ್ತೇನೆ, ಆದರೆ ಅದು ನಾಳಿನ ಪೇಪರಿಗೆ ಎಂದ. ನಾಲ್ಕು ದಿನದ ಮೇಲೆ ಇವತ್ತು ಮಳೆ ಬಿಟ್ಟು ಬಿಸಿಲು ಬಿದ್ದಿದೆ, ಹೊಡೆಯುವವರು ಇವತ್ತೇ ಹೊಡೆಯುತ್ತಾರೆ. ಔರಾದಿನ ಹತ್ತಿರದ ರೈತ ಮಚ್ಛೇಂದ್ರ ಆರೂವರೆಗೇ ಕುತುಬೋದ್ದೀನನಿಗೆ ಫೋನ್ ಮಾಡಿ, ಅಂಗಡಿ ಬಾಗಿಲು ತೆಗೆಸಿ ಮಾಲು ತಂದೆ, ಪಂಪು ತೊಳೆದಿಟ್ಟೆ ಎಂದು ಹೇಳಿದ್ದನಂತೆ. ಈಗ ಅವನ ಫೋನು ಹತ್ತುತ್ತಿಲ್ಲ.

“ಒಂದ ಕೆಲಸ ಮಾಡ್ರಿ. ನಿಮ್ಮ ದನಿಲೇ ಹೇಳಿ ಕಳಸ್ರಿ, ರೈತರ ಎಲ್ಲಾ ವಾಟ್ಸಾಪ್ ಗ್ರೂಪಿನ್ಯಾಗ ಹಾಕ್ತೇನಿ. ನಾ ಬರದ್ರ, ಮುಂಜಾನಿ ಒಂದು ಸಂಜಿಗಿ ಒಂದು ಅಂತಾನ ಅಂತಾರ.”

ಮಚ್ಛೇಂದ್ರನನ್ನು ತಡೆಯಲು ತಾನೇ ಹೊರಟ ಮಂಜಿರಿ, ಔರಾದ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಮಾತು ರೆಕಾರ್ಡ್ ಮಾಡಿದಳು. ಮೊದಲ ಸಲ ಕಂಡಕ್ಟರನ ಸೀಟಿ ಬಂತು, ಎರಡನೇ ಸಲ ಎಕರೆ ಎನ್ನುವಲ್ಲಿ ಅವಳೇ ಹೆಕ್ಟೇರ್ ಎಂದಳು. ಮೂರನೆಯದನ್ನು ಕೇಳಿದರೆ ಯಾರೋ ಅಳುತ್ತಿರುವಂತಿತ್ತು. ನಾಲ್ಕನೆಯದನ್ನು ತಿರುಗಿ ಕೇಳದೆ ಕಳಿಸಿಬಿಟ್ಟಳು. ಹತ್ತು ನಿಮಿಷಕ್ಕೆ ಗ್ರೂಪುಗಳಲ್ಲಿ ಕೈ ಜೋಡಿಸಿದ ಚಿತ್ರಗಳು ಬಂದವು. ಇದು ಹೆಸರು ಬೆಳೆಗೂ ನಡೆಯುತ್ತದೆಯೇ, ಉದ್ದಿಗೂ ನಡೆಯುತ್ತದೆಯೇ ಎಂದು ಕೇಳಿದವರಿದ್ದರು. ಮಚ್ಛೇಂದ್ರನಿಂದ ಏನೂ ಬರಲಿಲ್ಲ.

ಬಸ್ ಸ್ಟ್ಯಾಂಡಿನಿಂದ ಕುತುಬೋದ್ದೀನ ಅವಳನ್ನು ಬೈಕಿನಲ್ಲಿ ಕರೆದೊಯ್ದ. ಮಚ್ಛೇಂದ್ರನ ಹೊಲ ಎರಡು ಎಕರೆ. ಒಂದು ಎಕರೆ ಮುಗಿದು, ಅವನು ಪಂಪು ಬೆನ್ನಿಗೇರಿಸಿಕೊಂಡು ಬದು ದಾಟುತ್ತಿದ್ದ. ಹೆಂಡತಿ ಕೇಶರಬಾಯಿ ಕುಡಿಯುವ ನೀರಿನ ಕೊಡ ಇಟ್ಟುಕೊಂಡು ಬೇವಿನ ಗಿಡದ ಕೆಳಗೆ ಕೂತಿದ್ದಳು. ಮಂಜಿರಿ ಬಗ್ಗಿ ಎಲೆಗಳನ್ನು ನೋಡಿದಳು. ಔಷಧದ ಹನಿಗಳು ಮಿನುಗುತ್ತಿದ್ದವು. ಈಗ ನೋಡಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಾಳೆ ಸಂಜೆಯ ಹೊತ್ತಿಗೆ ಎಲೆಯ ಅಂಚು ಕಪ್ಪಾಗುತ್ತದೆ.

ಕುತುಬೋದ್ದೀನ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. “ಸಾಕು ಮಾಡು ಅಂತಷ್ಟೇ ಹೇಳ್ರಿ ಮೇಡಂ. ಹೊಡದಿದ್ದರ ಸುದ್ದಿ ಈಗ್ಯಾಕ? ಬಿಸಲಿಗಿ ಹೋಯ್ತಂತ ತಿಳ್ಕೋತಾನ. ನಿಮ್ಮ ಹೆಸರೂ ಉಳೀತದ, ನಂದೂ ಉಳೀತದ.”

ಹಾಗೆ ಹೇಳುವುದು ಎಷ್ಟು ಸುಲಭವೆಂದು ಅವಳಿಗೆ ಅನ್ನಿಸಿತು. ಮಚ್ಛೇಂದ್ರ ಪಂಪು ಇಳಿಸಿ, ಇಷ್ಟು ದೂರ ಸ್ವತಃ ಬಂದರಲ್ಲ ಎಂದು ಕೈ ಮುಗಿದ. ಅವಳು ಅವನ ಮುಖ ನೋಡಲಾರದೆ ಅವನ ಕೈಯನ್ನೇ ನೋಡುತ್ತ ಹೇಳಿದಳು. ಪೇಪರಿನಲ್ಲಿ ಬಂದ ಅಳತೆ ತಪ್ಪು. ನಿನ್ನೆ ತಾನು ಫೋನ್ ಎತ್ತಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಹೊಡೆದ ಎಕರೆ ಸುಡಬಹುದು. ಎಲೆ ಒಣಗುವ ಮೊದಲು ಬರೀ ನೀರು ಹೊಡೆದು ತೊಳೆದರೆ ಒಂದಿಷ್ಟು ಉಳಿದೀತು.

ಮಚ್ಛೇಂದ್ರ ಕುತುಬೋದ್ದೀನನ ಕಡೆ ಒಮ್ಮೆ ನೋಡಿದ. ಆಮೇಲೆ ಟ್ಯಾಂಕಿನ ಮುಚ್ಚಳ ತಿರುವಿ, ಒಳಗಿದ್ದ ಔಷಧವನ್ನೆಲ್ಲ ಹೊಲದಾಚೆಯ ಕಲ್ಲುನೆಲಕ್ಕೆ ಸುರಿದು ಬಂದ. ಬಾವಿ ನಾಲ್ಕು ಹೊಲ ದಾಟಿ ಇತ್ತು, ಬಿಸಿಲು ಏರುತ್ತಿತ್ತು.

ಕೇಶರಬಾಯಿ ಎದ್ದು ಬಂದಳು. ಕುಡಿಯುವ ನೀರಿನ ಕೊಡವನ್ನು ಎತ್ತಿ ಖಾಲಿ ಪಂಪಿಗೆ ಬಗ್ಗಿಸತೊಡಗಿದಳು.

“ಇವರು ಎರಡ ದಿನ ನೋಡಿ ಹೊಡೀತೇನಿ ಅಂದಿದ್ರು ತಾಯಿ,” ಅಂದಳು ಕೊಡದಿಂದ ಕಣ್ಣು ತೆಗೆಯದೆ. “ಪೇಪರಿನ್ಯಾಗ ಹೆಣ್ಮಗಳ ಹೆಸರದ, ಹೆಣ್ಮಗಳ ಕೈ ಅಳತಿ ತಪ್ಪಂಗಿಲ್ಲ, ಇವತ್ತೇ ಹೊಡೀರಿ ಅಂತ ಹೇಳ್ದಾಕಿ ನಾನೇ.”