ಬಲಗಾಲಿನ ಲೇಸು

ಕಾಲೇಜಿನ ಮೈದಾನ ನೋಡಿಕೊಳ್ಳುವವನು ತನ್ನ ಸೊಟ್ಟಗಾಲನ್ನು ಪಕ್ಕಕ್ಕೆ ಚಾಚಿ ಕೂತು, ಮುಖ್ಯ ಅತಿಥಿಯ ಬಲಗಾಲಿನ ಬೂಟಿಗೆ ಲೇಸು ಕಟ್ಟುತ್ತಿದ್ದ. ಅತಿಥಿ ಇದೇ ಕಾಲೇಜಿನ ಹಳೇ ಫುಟ್‌ಬಾಲ್ ಹುಲಿ, ಈಗ ಎದೆ ತುಂಬ ಪದಕಗಳ ಕರ್ನಲ್. ಇವತ್ತಿನ ಪಂದ್ಯಕ್ಕೆ ಮೊದಲ ಕಿಕ್ ಅವರದೇ.

“ಕಾಲಿಗೇನಾಯ್ತಪ್ಪ?”

ಸದ್ಯ, ಗುರುತು ಸಿಕ್ಕಿಲ್ಲ ಅಂದುಕೊಂಡ ಅವನು. “ಇಲ್ಲೇ ಆಡ್ತಿದ್ದೆ ಸರ್. ಸೇನೆಯ ಟೀಮಿಗೆ ನಮ್ಮಿಬ್ಬರಲ್ಲಿ ಒಬ್ಬರನ್ನೇ ತಗೊಳ್ಳೋರಿದ್ರು. ಅಷ್ಟರಲ್ಲಿ ಪ್ರಾಕ್ಟೀಸಲ್ಲಿ ಆ ಇನ್ನೊಬ್ಬನ ಕಾಲು ಜಾರಿ ನನಗೆ ಹೊಡೀತು. ಪಾಪ, ಮೂರು ದಿನ ನನ್ನ ಮಂಚದ ಪಕ್ಕ ಅಳ್ತಾ ಕೂತಿದ್ದ.”

ಕರ್ನಲ್ ಲೇಸು ನೋಡುವವರಂತೆ ಬಗ್ಗಿದರು. ಪದಕಗಳು ಅವನ ಕಿವಿಯ ಹತ್ತಿರ ಕಿಣಿಕಿಣಿ ಅಂದವು.

“ಜಾರಿರಲಿಲ್ಲ ಕಣೋ, ಮಿಂಚು. ಇನ್ನೊಂದು ಗಂಟು ಹಾಕು.”

ಕಾಲೇಜಿನ ಆ ಅಡ್ಡಹೆಸರು ಕೇಳಿ ಇಪ್ಪತ್ತೈದು ವರ್ಷವಾಗಿತ್ತು. ಅವನು ಇನ್ನೊಂದು ಗಂಟು ಹಾಕಿದ.