ತಲೆದೂಗುವ ದೀಪ

“ಮಧ್ಯಾಹ್ನ ಇದರ ಮುಂದ ಕೂತು ಯಾರ ಜೋಡಿ ಮಾತಾಡ್ತಿ?”

ಅಮರ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದ. ತಂಗಿ ರೇಣು ಹಿಟ್ಟು ಮೆತ್ತಿದ ತನ್ನ ಕೈಗಳನ್ನೇ ನೋಡುತ್ತ ನಿಂತಳು. ಗುರುವಾರ, ರಾಂಜಣಗಾಂವದ ಅವನ ಕಂಪನಿಗೆ ವಾರದ ರಜೆ. ಯಾವ ಹೊತ್ತಿನಲ್ಲಿ ಎಷ್ಟು ಇಂಟರ್ನೆಟ್ ಖರ್ಚಾಗಿದೆ ಎಂಬ ಲೆಕ್ಕ ಪರದೆಯ ಮೇಲಿತ್ತು. ದಿನಾ ಹನ್ನೆರಡರಿಂದ ಎರಡು. ಅವನು ಕಂಪ್ಯೂಟರ್ ಚಾಲೂ ಬಿಟ್ಟು ಕೆಲಸಕ್ಕೆ ಹೋಗಿರುವ, ಅವ್ವ ಚನ್ನಬಸವ್ವ ಯೆರವಡಾದ ಗಲ್ಲಿಗಳಲ್ಲಿ ರೊಟ್ಟಿ ಕೊಟ್ಟುಬರಲು ಹೋಗಿರುವ ಹೊತ್ತು.

“ನಾ ಅದನ್ನ ಮುಟ್ಟಂಗಿಲ್ಲಣ್ಣ.”

“ಮತ್ತ ಯಾರು? ಬೆಕ್ಕು ಬಂದು ಕೂಡ್ತದೇನು?”

“ಹೇಳಿಬಿಡವ್ವಾ,” ಎಂದಳು ಚನ್ನಬಸವ್ವ. “ಇಲ್ಲಂದ್ರ ನಾಳಿ ನಿನ್ನ ಇಂಡಿ ಬಸ್ಸಿಗೆ ಹತ್ತಿಸ್ತಾನಂತ. ಅಲ್ಲಿ ಸ್ವಾದರತ್ತಿ ಮನ್ಯಾಗ ನಾಕ ದಿನ ಬಾಳೇವು ಮಾಡ್ತೀಯೇನು ನೀ?”

ರೇಣುಗೆ ಒಂದು ಸಂಗತಿ ಗೊತ್ತಿತ್ತು. ಹೇಳಲು ಬಾಯಿ ಬರುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಒಂದೇ ಖೋಲಿಯ ಆ ಮನೆ ನಿಧಾನವಾಗಿ ನೀರಿಗಿಳಿದ ದೋಣಿಯ ಹಾಗೆ ತೇಲತೊಡಗುತ್ತಿತ್ತು. ಕಿಟಕಿಯ ಬಿಸಿಲು ನೆಲದ ಮೇಲೆ ಹರಿಯುತ್ತಿತ್ತು. ರೊಟ್ಟಿ ತಟ್ಟುತ್ತ ತಟ್ಟುತ್ತ ಅವಳಿಗೆ ಹಾಡು ಬರುತ್ತಿತ್ತು. ಆಗ ಗೋಡೆಯ ಮೇಲಿನ ವೈಫೈ ಡಬ್ಬಿಯ ಹಸಿರು ದೀಪ ಮಿಣುಕತೊಡಗುತ್ತಿತ್ತು. ಅವಳು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ರಾಗ ಎಳೆದರೆ, ಹಿರಿಯರು ಕಣ್ಣು ಮುಚ್ಚಿ ತಲೆದೂಗುವ ಹಾಗೆ, ಅದೂ ಬಿಡದೆ ಮಿಣುಕುತ್ತಿತ್ತು. ದೀಪದ ಗುಣವೇ ಹಾಗೆಂದು ತಿಳಿದು ಅವಳು ಎರಡು ತಿಂಗಳು ಅದಕ್ಕೆ ಹಾಡಿದ್ದಳು. ಅಣ್ಣನ ಲೆಕ್ಕದ ಹೊತ್ತು ತನ್ನ ಹಾಡಿನ ಹೊತ್ತೇ ಎಂಬುದು ಈಗ ಹೊಳೆಯಿತು.

“ಅಣ್ಣ, ಈಗ ಯಾರ ಜೋಡಿ ಸಂಪರ್ಕ ಅದ ಅಂತ ಅದರಾಗ ಕಾಣಸ್ತದೇನು?”

“ಕಾಣಸ್ತದ.”

“ಹಂಗಾದ್ರ ಅದನ್ನ ತೆರೆದಿಟ್ಟು ದೂರ ಕೂಡು. ಯಾರೂ ಕೈ ಹಚ್ಚದಿದ್ದಾಗ ಅಷ್ಟ ಆ ಖರ್ಚು ಆಗ್ತದ.”

ಅಮರ ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದಿಟ್ಟು ಹೊಸ್ತಿಲ ಬಳಿ ಹೋಗಿ ಕುಳಿತ. ಅದರಲ್ಲಿ ಆ ಹೊತ್ತಿನ ಸಂಪರ್ಕಗಳ ನಾಲ್ಕು ಸಾಲುಗಳಿದ್ದವು. ಹತ್ತು ನಿಮಿಷ ಕಳೆದರೂ ಸಾಲುಗಳು ನಾಲ್ಕೇ ಇದ್ದವು. ಹೊರಗೆ ಯಾರೋ ಮರಾಠಿಯಲ್ಲಿ ಹಳೆ ಸಾಮಾನು ಕೂಗುತ್ತ ಹೋದರು. ಆಮೇಲೆ ರೇಣು ಗೋಡೆಗೆ ಮುಖ ಮಾಡಿ, ಹಂಚಿನ ಮುಂದೆ ಕುಳಿತು, ಕಣ್ಣು ಮುಚ್ಚಿ ಹಾಡಿದಳು.

*ಹುಣ್ಣಿಮಿ ಚಂದ್ರಾಮನ ತಟ್ಟೀನಿ ಕೈಯಾಗ,*
*ಉಣ್ಣಾಕ ಬರುವವರು ಯಾರ...*

ಮೊದಲ ಸಾಲಿಗೆ ದನಿ ನಡುಗಿತು. ಎರಡನೆಯದಕ್ಕೆ ಅವಳು ಆ ಖೋಲಿಯಲ್ಲಿ ಇರಲೇ ಇಲ್ಲ. ದೋಣಿ ದೂರ ಹೋಗಿತ್ತು. ಹಸಿರು ದೀಪ ಮಿಣುಕಿತು. ಕಪ್ಪು ಕಿಟಕಿಯಲ್ಲಿ ಐದನೆಯ ಸಾಲೊಂದು ಮೂಡಿತು.

ಅಮರ ಎದ್ದು ಬಂದು ನೋಡಿದ. ಯಾವುದೋ ದೇಶದ ವಿಳಾಸ. ಗೆಳೆಯನಿಂದ ಪುಕ್ಕಟೆ ತಂದು ಹಾಕಿಕೊಂಡಿದ್ದ ನಕ್ಷೆ ಬಿಡಿಸುವ ತಂತ್ರಾಂಶದ ಜೊತೆ ದನಿ ಕೇಳಿದಾಗ ಅದನ್ನು ಹೊರಗೆ ಸಾಗಿಸುವ ಈ ಕಳ್ಳ ತಂತ್ರಾಂಶವೂ ಒಳಗೆ ಬಂದು ಕುಳಿತಿತ್ತು. ಮೈಕು, ಕ್ಯಾಮರಾ ಎರಡೂ ಅದರ ವಶದಲ್ಲಿದ್ದವು. ತಂಗಿ ಅದೇ ಖೋಲಿಯಲ್ಲಿ ಬಟ್ಟೆ ಬದಲಿಸುವುದು ನೆನಪಾಗಿ ಅವನ ಮುಖ ಬಿಳುಪೇರಿತು.

“ಅದರ ಕಣ್ಣು ಎಲ್ಲಿ ಅದಪ್ಪಾ?” ಚನ್ನಬಸವ್ವ ಬಗ್ಗಿದಳು.

ಅವನು ಪರದೆಯ ಮೇಲಂಚನ್ನು ತೋರಿಸಿದ. ಅಲ್ಲಿ ಕ್ಯಾಮರಾದ ಕಣ್ಣು ಮುಚ್ಚುವಂತೆ ಮೂರು ಬೆರಳಿನ ವಿಭೂತಿ ಗಟ್ಟಿಯಾಗಿ ಕುಳಿತಿತ್ತು. ದುಡಿಯುವ ಸಾಮಾನೆಂದು ಅವಳು ದಿನಾ ನಸುಕಿನಲ್ಲಿ ಹಚ್ಚುತ್ತಿದ್ದಳು. ಹೊಲಸಾಗುತ್ತದೆಂದು ಅವನು ದಿನಾ ಬೈಯುತ್ತಿದ್ದ.

“ಇನ್ನ ಮ್ಯಾಲ ಬೈತೀಯೇನು?”

ಅಮರ ವೈಫೈ ಡಬ್ಬಿಯ ವಾಯರು ಕಿತ್ತ. ಹಸಿರು ದೀಪ ಆರಿತು.

“ತಪ್ಪಾತು, ರೇಣು,” ಎಂದ, ಅವಳ ಕಡೆ ನೋಡದೆ.

ಚನ್ನಬಸವ್ವ ಮಗಳ ಪಕ್ಕದಲ್ಲಿ ಕುಳಿತು, ಅವಳ ಕೈಯ ಒಣಗಿದ ಹಿಟ್ಟನ್ನು ತನ್ನ ಸೆರಗಿನಿಂದ ಒರೆಸಿದಳು. “ಇಷ್ಟ ಚೊಲೋ ಹಾಡ್ತಿ. ನಮ್ಮ ಮುಂದ ಒಂದು ದಿನಾನೂ ಹಾಡಲಿಲ್ಲಲ್ಲವ್ವ. ದಿನಾ ಒಬ್ಬಾಕಿನ ಕೂತು ಹಾಡ್ತಿದ್ದೇನು?”

ರೇಣು ಆರಿದ ದೀಪವನ್ನು ನೋಡಿದಳು.

“ಒಬ್ಬಾಕಿನ ಇದ್ದಿದ್ದಿಲ್ಲ, ಯವ್ವ.”