ಉಸ್ಮಾನ್ ಬಾರದ ಸನ್ಮಾನ

ಕಾರು ಗುರುವಾಯನಕೆರೆ ತಲುಪುವ ಮೊದಲೇ ಸಂಕಪ್ಪ ಭಾಷಣದ ಹಾಳೆಯನ್ನು ಕಿಸೆಯಿಂದ ತೆಗೆದು ಅದರಲ್ಲಿದ್ದ ಒಂದು ಹೆಸರನ್ನು ಗೀಚಿಹಾಕಿದರು. ಎರಡು ಸಲ ಗೀಚಿದರೂ ‘ಉಸ್ಮಾನ್’ ಎಂದು ಓದಲು ಬರುತ್ತಿತ್ತು. ಮೂರನೆಯ ಸಲಕ್ಕೆ ಕಾಗದವೇ ಹರಿಯಿತು.

“ಬಿಡಿ ಪಪ್ಪ, ಇವತ್ತು ನಿಮ್ಮ ದಿನ. ಅವನ ನೆನಪು ಯಾಕೆ?” ಎಂದ ಮಗ ಭವಿತ್, ರಸ್ತೆಯಿಂದ ಕಣ್ಣು ತೆಗೆಯದೆ.

ಬಸ್ ನಿಲ್ದಾಣದ ಎದುರಿಗೆ ಅವರ ಹೋಟೆಲ್ ಕಂಡಿತು. ಶಟರ್ ಎಳೆದಿತ್ತು. ಸಂಕಪ್ಪ ಕುತ್ತಿಗೆ ತಿರುಗಿಸಿದರು.

“ಪೇಂಟಿಂಗ್ ಪಪ್ಪ. ಎರಡು ದಿನದ ಕೆಲಸ. ಹೊಸ ಬೋರ್ಡೂ ಬರ್ತದೆ.”

ಹುಡುಗ ಚುರುಕು. ಸನ್ಮಾನದ ಮರುದಿನ ಜನ ಬರುವಾಗ ಹೋಟೆಲ್ ಲಕಲಕ ಅನ್ನಬೇಕು ಎಂದು ಯೋಚಿಸಿದ್ದಾನಲ್ಲ ಎಂದು ಸಂಕಪ್ಪನವರಿಗೆ ಖುಷಿಯಾಯಿತು. ಆದರೂ ಎರಡು ದಿನ ಮಕ್ಕಳ ಊಟ ತಪ್ಪಿತಲ್ಲ ಎಂದು ಬೇಸರವೂ ಆಯಿತು.

ಮಕ್ಕಳ ಊಟ ಅಂದರೆ ಉಸ್ಮಾನ್‌ನ ಏರ್ಪಾಡು. ಮೂವತ್ತೊಂದು ವರ್ಷದ ಹಿಂದೆ ಆರು ಬೆಂಚಿನ ಮೀನೂಟದ ಹೋಟೆಲ್ ಶುರುಮಾಡಿದ ದಿನದಿಂದ ಕೌಂಟರಿನಲ್ಲಿ ಕೂತವನು ಅವನು. ದೂರದಿಂದ ಬರುವ ವಿದ್ಯಾರ್ಥಿಗಳು ಬಸ್ ಪಾಸ್ ತೋರಿಸಿದರೆ ಮಧ್ಯಾಹ್ನ ಊಟ ಉಚಿತ. “ಅವರಿಗೆ ಬೇರೆ ಬೆಂಚು ಬೇಡ ಧಣಿ. ಪಾಸು ನನ್ನ ಕಣ್ಣಿಗೆ ಮಾತ್ರ ಬೀಳಲಿ. ಯಾರು ಹಣ ಕೊಟ್ಟರು, ಯಾರು ಕೊಡಲಿಲ್ಲ ಅಂತ ಬಾಕಿಯವರಿಗೆ ಗೊತ್ತಾಗುವುದು ಬೇಡ,” ಎಂದಿದ್ದ. ಆ ಊಟಕ್ಕಾಗಿಯೇ ಈಗ ಮೂಡುಬಿದಿರೆಯ ಉದ್ಯಮಿಗಳ ಸಂಘ ಸಂಕಪ್ಪನವರನ್ನು ಕರೆದು ಸನ್ಮಾನಿಸುತ್ತಿದೆ. ಅಂಥ ಉಸ್ಮಾನ್ ಹೀಗೆ ಮಾಡಿದನಲ್ಲ ಎಂಬುದೇ ಅವರ ಸಂಕಟ.

ತಿಂಗಳ ಹಿಂದೆ ಭವಿತ್ ಒಂದು ಕಟ್ಟು ಕಾಗದ ತಂದಿದ್ದ. ಪರಿಚಯ, ಸಾಧನೆಯ ವಿವರ, ಒಪ್ಪಿಗೆ ಪತ್ರ. ಸನ್ಮಾನ ಸಮಿತಿಗೆ ಎಲ್ಲವೂ ಬೇಕಂತೆ, ಅದೂ ಇಂಗ್ಲಿಷಿನಲ್ಲಿ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ಸಂಕಪ್ಪ, ಮಗ ಬೆರಳಿಟ್ಟಲ್ಲೆಲ್ಲ ಸಹಿ ಹಾಕುತ್ತ ಹೋದರು. ದುಬೈಯಿಂದ ಬಂದ ಅವನನ್ನು ಹೋಟೆಲಿಗೆ ಪಾಲುದಾರನಾಗಿ ಸೇರಿಸಿಕೊಂಡ ಮೇಲೆ ಕಾಗದಪತ್ರದ ತಲೆಬಿಸಿಯೆಲ್ಲ ಅವನದೇ. ಕೊನೆಗೆ ಒಂದು ಸಾಕ್ಷಿ ಸಹಿ ಬೇಕಾಯಿತು. ತನ್ನ ಸಾಧನೆಗೆ ಉಸ್ಮಾನ್‌ಗಿಂತ ದೊಡ್ಡ ಸಾಕ್ಷಿ ಯಾರು ಎಂದು ಸಂಕಪ್ಪ ಹೆಮ್ಮೆಯಿಂದ ಅವನನ್ನು ಕರೆದರು.

ಉಸ್ಮಾನ್ ಕನ್ನಡಕ ಏರಿಸಿದ. ಅಕ್ಷರ ಅಕ್ಷರ ಕೂಡಿಸಿ ಓದಿದ. ತಾನೇ ಎತ್ತಿ ಆಡಿಸಿದ್ದ ಭವಿತ್‌ನ ಮುಖವನ್ನೊಮ್ಮೆ ನೋಡಿದ. ಪೆನ್ನನ್ನು ಮೇಜಿನ ಮೇಲಿಟ್ಟ.

“ಇದರಲ್ಲಿ ಮಕ್ಕಳ ಊಟದ ಸುದ್ದಿಯೇ ಇಲ್ಲ ಧಣಿ. ನನ್ನ ಹೆಸರೂ ಇಲ್ಲ. ನಾನು ಸಹಿ ಹಾಕುವುದಿಲ್ಲ.”

ಭವಿತ್ ನಕ್ಕ. “ನೋಡಿದಿರಾ ಪಪ್ಪ? ಇವರ ಹೆಸರು ಬರಲಿಲ್ಲ ಅಂತ ಹೊಟ್ಟೆಕಿಚ್ಚು.”

“ಹೆಸರಿನ ಸಂಗತಿ ಅಲ್ಲ ಧಣಿ, ಇದನ್ನು ಯಾರ ಹತ್ತಿರವಾದರೂ ಒಮ್ಮೆ...”

“ಸಾಕು ಮಾರಾಯ!” ಸಂಕಪ್ಪ ಸಿಡಿದರು. “ನನಗೆ ಒಂದು ಮರ್ಯಾದೆ ಬರುವಾಗ ನಿನಗೆ ತಡೆಯಲಿಕ್ಕೆ ಆಗುವುದಿಲ್ಲವಾ? ನಾಳೆಯಿಂದ ಬರಬೇಡ.”

ಉಸ್ಮಾನ್ ಬಂಟ್ವಾಳದ ತನ್ನ ಮನೆಗೆ ಹೋದ. ಆ ವಾರ ಅವನಿಂದ ಏಳು ಸಲ ಫೋನ್ ಬಂತು. ಸಂಕಪ್ಪ ಒಂದನ್ನೂ ಎತ್ತಲಿಲ್ಲ. ಮೊನ್ನೆ ಮೀನು ತರುವವನು ಇನ್ನೊಂದು ಸುದ್ದಿ ತಂದ: ಉಸ್ಮಾನ್ ಮೂಡುಬಿದಿರೆಯಲ್ಲಿ ಉಜ್ವಲ್‌ನ ಆಫೀಸಿಗೆ ಹೋಗಿದ್ದನಂತೆ. ಉಜ್ವಲ್ ಅಂದರೆ ಮಿಜಾರಿನವರೆಗೆ ಏಳು ಹೋಟೆಲ್ ಇಟ್ಟವನು, ಉದ್ಯಮಿಗಳ ಸಂಘದ ಅಧ್ಯಕ್ಷ. ಉಜ್ವಲ್ ಮೇಲೆ ಸಂಕಪ್ಪನವರಿಗೆ ಸಿಟ್ಟಿಲ್ಲ. ಒಳ್ಳೆಯ ಆಳು ಸಿಕ್ಕಿದರೆ ಯಾವ ವ್ಯಾಪಾರಿ ಬಿಡುತ್ತಾನೆ? ಆದರೆ ಉಸ್ಮಾನ್!

ಸಭಾಂಗಣ ತುಂಬಿತ್ತು. ಶಾಲು ಹೊದಿಸಿದರು, ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ಸನ್ಮಾನ ಪತ್ರ ಓದುವಾಗ ‘ಕೊಡುಗೈ ದಾನಿ’ ಎಂಬಲ್ಲಿ ಚಪ್ಪಾಳೆ ಬಿತ್ತು. ಸಂಕಪ್ಪ ಮೈಕಿನ ಮುಂದೆ ನಿಂತರು. ಹರಿದ ಹಾಳೆಯನ್ನು ತೆಗೆಯಲೇ ಇಲ್ಲ.

“ನಾನು ಬದುಕಿರುವವರೆಗೆ ನನ್ನ ಹೋಟೆಲಿನಲ್ಲಿ ಮಕ್ಕಳ ಊಟ ನಿಲ್ಲುವುದಿಲ್ಲ,” ಎಂದರು. ವೇದಿಕೆಯಲ್ಲಿದ್ದ ಉಜ್ವಲ್ ಹುಬ್ಬೇರಿಸಿ ಭವಿತ್‌ನತ್ತ ನೋಡಿದ. ಭವಿತ್ ಮೊಬೈಲ್ ನೋಡುತ್ತಿದ್ದ.

ಹೇಳಬಾರದೆಂದುಕೊಂಡದ್ದೂ ಆಮೇಲೆ ಬಾಯಿಗೆ ಬಂದುಬಿಟ್ಟಿತು. “ಮೂವತ್ತೊಂದು ವರ್ಷ ಜೊತೆಗಿದ್ದವನು ಕೊನೆಗೆ ಒಂದು ಸಹಿ ಕೊಡದೆ ಕೈಕೊಟ್ಟ. ಅವನ ಹೆಸರು ಉಸ್ಮಾನ್. ಎಲ್ಲರೂ ಕೇಳಿಕೊಳ್ಳಿ, ಅವನಿಗೆ ಯಾರೂ ಕೆಲಸ ಕೊಡಬೇಡಿ. ನಂಬುವುದಾದರೆ ಸ್ವಂತ ಮಕ್ಕಳನ್ನು ನಂಬಿ. ಭವಿತ್ ಇಲ್ಲದಿದ್ದರೆ ನನಗೆ ಈ ದಿನ ಬರುತ್ತಿರಲಿಲ್ಲ.” ಮಗನನ್ನು ವೇದಿಕೆಗೆ ಕರೆದು, ತನಗೆ ಹೊದಿಸಿದ ಶಾಲನ್ನು ಅವನ ಹೆಗಲಿಗೆ ಹಾಕಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಂಕಪ್ಪನವರ ಕಣ್ಣು ತುಂಬಿ ಬಂತು.

ಊಟದ ಸಾಲಿನಲ್ಲಿ ಉಜ್ವಲ್ ಹತ್ತಿರ ಬಂದ. ಅವನಿಗೆ ಏನೋ ಕಸಿವಿಸಿ.

“ಉಸ್ಮಾನ್ ಬಗ್ಗೆ ನೀವು ಹಾಗೆ ಹೇಳಬಾರದಿತ್ತು ಸಂಕಪ್ಪಣ್ಣ. ಅವನು ನನ್ನಲ್ಲಿಗೆ ಕೆಲಸ ಕೇಳಲಿಕ್ಕೆ ಬಂದದ್ದಲ್ಲ. ‘ಧಣಿಗೆ ಗೊತ್ತಿಲ್ಲದೆ ಮಗ ಹೋಟೆಲ್ ಮಾರ್ತಾ ಇದ್ದಾನೆ, ದಯವಿಟ್ಟು ತೆಗೆದುಕೊಳ್ಳಬೇಡಿ’ ಅಂತ ನನ್ನ ಕಾಲಿಗೇ ಬಿದ್ದ ಮಾರಾಯ್ರೆ. ಕಾಗದದಲ್ಲಿ ನಿಮ್ಮದೇ ಸಹಿ ಇರುವಾಗ ನಿಮಗೆ ಗೊತ್ತಿಲ್ಲದೆ ಹೇಗೆ ಅಂತ ನಾನೇ ನಗಾಡಿ ಕಳಿಸಿದೆ.”